ದಾರ ಬಿಗಿಯುವವಳು

ಉಸಿರು ಹೊರಗೆ ಬಿಡು, ಎನ್ನುತ್ತೇನೆ.
ಬಿಡುತ್ತಾರೆ.
ಬೆನ್ನಿಗೆ ಮಂಡಿ ಕೊಟ್ಟು ಎಳೆಯುತ್ತೇನೆ.
ಇಪ್ಪತ್ತೆಂಟು ತೂತಿನ ಕಾರ್ಸೆಟ್, ಹೊಲಿದವಳೂ ನಾನೇ,
ಜೆಪ್ಪುವಿನ ಅಪೊಲಿನ್. ಮದುವೆಯ ಬಿಳಿ ಗೌನು ನನ್ನ ಕಸುಬು.
ವಿಕ್ಟೋರಿಯಾ ರಾಣಿಯ ಕಾಲದಲ್ಲಿ
ತಿಮಿಂಗಿಲದ ಎಲುಬು ಸೇರಿಸುತ್ತಿದ್ದರಂತೆ.
ನನಗೆ ಸಿಕ್ಕಿದ್ದು ಆಟಿಯ ಗಾಳಿಗೆ ಮಗುಚಿದ ಕೊಡೆಗಳ ಕಡ್ಡಿ:
ಒಂದು ಸೊಂಟಕ್ಕೆ ಎರಡು ಕೊಡೆ,
ಹರಿಣಾಕ್ಷಿಗಾದರೆ ಮೂರು.

ಹೆಂಚು ಸುಡುತ್ತಿದ್ದ ಆವಿಗೆಯೊಳಗೆ ಈ ರಾತ್ರಿ ನಮ್ಮ ಚೌಕಿ.
ಬಾಗಿಲು ಗಿಡ್ಡ. ಅಜ್ಜಿ ಇಲ್ಲಿ
ತಲೆಯ ಮೇಲೆ ಎಂಟು ಹಸಿ ಹೆಂಚು ಹೊತ್ತು
ಮೊಣಕಾಲು ಮಡಿಸಿ, ಕತ್ತು ಮಾತ್ರ ಮಡಿಸದೆ, ನುಸುಳಿದವಳು.
ಗತ್ತು ಎಂದು ತಿಳಿದುಕೊಂಡಿದ್ದೆವು ನಾವು,
ಅವಳು ಚರ್ಚಿಗೆ ನಡೆಯುವ ರೀತಿಯನ್ನು.

ಬಂದರಿನ ಪುತ್ತುಬಾವ ಸತ್ತ ಗೋಡೆಗಡಿಯಾರಗಳ ಹೊಟ್ಟೆ ಬಗೆದು
ಹಲ್ಲುಚಕ್ರ ತಂದಿದ್ದಾರೆ, ಚಹಾದ ಡಬ್ಬಿ ತುಂಬ.
ಟೋಪಿಗೆ ಏಳು, ಎದೆಗೆ ಎರಡು.
"ಎದೆಯದ್ದು ತಿರುಗಬೇಕಾ?" ನೆಲ ನೋಡುತ್ತಾ ಕೇಳಿದರು.
ತಿರುಗಬೇಕು, ಎಂದಳು ಹರಿಣಾಕ್ಷಿ,
ಹಗಲು ಹಂಪನಕಟ್ಟೆಯ ಬ್ಯಾಂಕಿನಲ್ಲಿ ಅಡವಿನ ಚಿನ್ನ ತೂಗುವವಳು,
ರಾತ್ರಿ ಮಿಸ್ ಬಾಯ್ಲರ್.
ಕಪ್ಪು ಕನ್ನಡಕ ದಕ್ಕೆಯ ವೆಲ್ಡರ್‌ಗಳದ್ದು.
ಬೀಸಣಿಗೆಗೆ ಕೋಳಿ ಅಂಕದಲ್ಲಿ ಸೋತ ಹುಂಜಗಳ ಗರಿ.
ಹೊಗೆಯ ಮಿಷನ್ನಿಗೆ ದುಡ್ಡಿಲ್ಲ; ಪರದೆಯ ಹಿಂದೆ
ನಮ್ಮತ್ತೆಯ ತಾಮ್ರದ ತೊಂದೂರು ಕುದಿಯುತ್ತಿದೆ,
ಇಂಗ್ಲೆಂಡಿನ ಯಂತ್ರಯುಗಕ್ಕೆಲ್ಲ
ಹಳೇ ಸನ್ನದ, ಹುಳಿ ಕಳ್ಳಿನ ವಾಸನೆ.

ಗೇಟಿನಲ್ಲಿ ಯಾರಾದರೂ ಬಂದು ಕೇಳಿದರೆ
ಶಾಲೆಯ ನಾಟಕ ಎನ್ನಬೇಕು. ಎಲ್ಲರಿಗೂ ಹೇಳಿಯಾಗಿದೆ.

ಸದಾಶಿವ ಸಾಲಿಯಾನರದ್ದು ಕೊನೆಯ ಸರದಿ.
ವಯಸ್ಸು ಐವತ್ತೊಂದು.
ಮೇಳದಲ್ಲಿ ಇಪ್ಪತ್ತೆರಡು ವರ್ಷ ಸ್ತ್ರೀವೇಷ,
ಬೆಳಗಿನ ತನಕ ಯಾರ್ಯಾರದೋ ರಾಣಿ.
"ಉಟ್ಟದ್ದನ್ನು ಊರೇ ನೋಡಿದೆ, ಅಪೊಲಿನ್‌ಬಾಯಿ.
ಕಳಚಿದ್ದನ್ನು ಕನ್ನಡಿಯೂ ಸರಿಯಾಗಿ ನೋಡಿಲ್ಲ,
ಮೊದಲ ಬಸ್ಸಿನ ಅವಸರ."
ಈಗ ಒಂದು ಕೈಗವಸಿಗೆ
ಪೂರ್ತಿ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಾರೆ.
ಕಿರುಬೆರಳು. ಇನಾಸರ ಟ್ರಂಪೆಟ್
(ಮದುವೆಗೂ ಅದೇ, ಮರಣಕ್ಕೂ ಅದೇ)
ಒಂದು ಸ್ವರ ಇಳಿಯುತ್ತದೆ.
ಉಂಗುರಬೆರಳು.
ಇನ್ನೂರು ಜನ ಕುರ್ಚಿಯ ಅಂಚಿಗೆ ಜಾರಿದ ಸದ್ದು.

ಆಮೇಲೆ ಆ ಕೈ ಬೆನ್ನಿಗೆ ಹೋಯಿತು.
ಹುಡುಕಿತು. ಮತ್ತೆ ಹುಡುಕಿತು.
ತಪ್ಪು ನನ್ನದು. ಎಳೆದರೆ ಬಿಚ್ಚುವ ಕುಣಿಕೆ ಹಾಕುವಲ್ಲಿ
ಗಂಟು ಹಾಕಿದ್ದೆ, ಮದುಮಗಳಿಗೆ ಹಾಕುವ ಹಾಗೆ.
ಟ್ರಂಪೆಟ್ ಅದೇ ಸಾಲನ್ನು ಮೂರನೇ ಸಲ ನುಡಿಯಿತು.
ಸದಾಶಿವರು ತಿರುಗಿ, ಅಷ್ಟೂ ಜನರ ಮುಂದೆ,
ಸಖಿಯನ್ನು ಕರೆಯುವ ಹಳೇ ಗತ್ತಿನಲ್ಲಿ
"ಯಾರಲ್ಲಿ?" ಎಂದರು.

ಹೋದೆ. ಬಾಯಲ್ಲಿ ಗುಂಡುಸೂಜಿ, ಕೊರಳಲ್ಲಿ ಟೇಪು,
ಕಾಲಲ್ಲಿ ಬಚ್ಚಲಿನ ಹವಾಯಿ ಚಪ್ಪಲಿ.
ಜನ ಚಪ್ಪಾಳೆ ತಟ್ಟಿದರು, ನಾನೂ ಒಂದು ಐಟಂ ಎಂದು.
ಸೂಜಿ ಅಂಗೈಗೆ ಉಗಿದು, ಹಲ್ಲಿನಿಂದ ಗಂಟು ಕಚ್ಚಿದೆ.
ಒಂದೊಂದೇ ತೂತಿನಿಂದ ದಾರ ಹೊರಬಂತು.
ಅವಸರ ಬೇಡ, ಎಂದರು ಮೆಲ್ಲಗೆ, ಅವಸರ ಬೇಡ.
ಮೂವತ್ತೈದು ವರ್ಷ ಬಿಗಿದಿದ್ದೇನೆ.
ಬಿಚ್ಚುವುದು ಯಾವಾಗಲೂ ಬೇರೆ ಯಾರದೋ ಕೆಲಸ.

ಕಡ್ಡಿಗಳು ಬೆನ್ನಿನ ಮೇಲೆ ಕೆಂಪಗೆ ಸಾಲು ಬರೆದಿದ್ದವು,
ಹೆಂಚಿನ ಒಳಮೈಯಲ್ಲಿ ಕಂಪೆನಿಯ ಹೆಸರು ಒತ್ತಿದಂತೆ:
ಮಳೆಗೆ ಅದು ಕಾಣುವುದಿಲ್ಲ,
ಕೆಳಗೆ ಮಲಗಿ ನಿದ್ದೆ ಬಾರದವರು ಓದುತ್ತಾರೆ.
ಅವರು ಉಸಿರು ಒಳಗೆಳೆದುಕೊಂಡರು.
ಸಡಿಲಾದ ಎದೆಕಟ್ಟಿನಿಂದ ಒಂದು ಚಕ್ರ ಕಳಚಿ
ಟಣ್ಣನೆ ಬಿದ್ದು, ಉರುಳಿ, ಉರುಳಿ,
ಮೊದಲ ಸಾಲಿನ ಪುತ್ತುಬಾವರ ಕಾಲಬಳಿ ನಿಂತಿತು.
ಅವರದನ್ನು ಎತ್ತಿ ಕಿವಿಗೆ ಹಿಡಿದರು, ಅಭ್ಯಾಸಬಲದಿಂದ.

ಒಂದೂವರೆಗೆ ಎಲ್ಲ ಮುಗಿಯಿತು.
ಹರಿಣಾಕ್ಷಿ ಹಣ ಹಂಚಿದಳು, ಬ್ಯಾಂಕಿನ ಬೆರಳಲ್ಲಿ.
ನೀರು ಬತ್ತಿ ತೊಂದೂರಿನ ತಳ ಕಪ್ಪು ಹಿಡಿದಿದೆ.
ನಾಳೆ ಭಾನುವಾರ; ಮೊದಲ ಪೂಜೆ ಬಿಡುವುದರೊಳಗೆ
ಬೆಳಗಿ, ಅತ್ತೆಯ ಅಡುಗೆಮನೆಯಲ್ಲಿ ಇಟ್ಟಿರಬೇಕು.
ಬೂದಿಯಿದೆ. ಹುಣಸೆ ಯಾರ ಮನೆಯಲ್ಲಿ ಕೇಳಲಿ ಈ ಹೊತ್ತಿಗೆ?