ಬೇಸಿಗೆ ಮುಗಿದ ಮೇಲೂ

ಅವ್ವ ಕಾದಂಬರಿಯ ಕೊನೆಯ ಪುಟ ಮೊದಲು ಓದುತ್ತಾಳೆ.
ಶಹಾಬಜಾರಿನಲ್ಲಿ ಖಾದ್ರಿ ಸಾಬರ ಅಂಗಡಿ,
ದಿನಕ್ಕೆ ಮೂರು ರೂಪಾಯಿ ಬಾಡಿಗೆ.
ನಿಂತಲ್ಲೇ ಹಿಂದಿನಿಂದ ತೆರೆದು, ತುಟಿ ಅಲುಗಿಸಿ,
ಯಾರೂ ಸಾಯಲಿಲ್ಲ ಎಂದು ಖಾತ್ರಿಯಾದರೆ ಮಾತ್ರ
ಚೀಲಕ್ಕೆ.
"ಹಿಂಗ ಓದಿದ್ರ ಮಜಾ ಏನ್ ಉಳೀತದ್ರಿ ಬಾಯಿ?"
"ಮಜಾ ಬ್ಯಾಡ್ರಿ. ನಿದ್ದಿ ಬಂದ್ರ ಸಾಕು."

ಹಗಲೆಲ್ಲ ದಾಲ್ ಮಿಲ್ಲು.
ಸಂಜೆ ಬಂದಾಗ ಹುಬ್ಬಿನಲ್ಲಿ, ಕಿವಿಯ ಹಿಂದೆ,
ಮೊಣಕೈಯ ಮಡಿಕೆಯಲ್ಲಿ ತೊಗರಿಯ ಹಳದಿ ಹಿಟ್ಟು.
ಅಪ್ಪ ಹೋದ ಮೇಲೆ ಅರಿಶಿನ ಕೊಡುವುದು ಬಿಟ್ಟ
ಓಣಿಯ ಹೆಂಗಸರಿಗೆ
ಇದಕ್ಕೆ ಮಾತ್ರ ಏನೂ ಅನ್ನಲಾಗಲಿಲ್ಲ.

ಕೂಲರು ಅಪ್ಪ ತಂದದ್ದು, ಕಂತಿನ ಮೇಲೆ.
ಇನ್ನೂ ನಾಲ್ಕು ಕಂತು ಇರುವಾಗಲೇ, ಆ ಮೇ ತಿಂಗಳಲ್ಲಿ,
ಆಸ್ಪತ್ರೆಯ ಗೇಟಿನ ಹೊರಗೆ
ತನ್ನದೇ ಆಟೋದ ಹಿಂದಿನ ಸೀಟಿನಲ್ಲಿ
ಹಾಸಿಗೆಯೊಂದು ಖಾಲಿಯಾಗಲೆಂದು ಕಾಯುತ್ತ
ಅವ್ವ ಮುಂದೆ ಹೇಳುವುದಿಲ್ಲ. ನಾನೂ ಕೇಳಿಲ್ಲ.
ಉಳಿದ ಕಂತು ಅವಳೇ ಕಟ್ಟಿದಳು.

ಮಾರ್ಚಿನಲ್ಲಿ ಅಂಬಾರಾಯ ಬರುತ್ತಾನೆ,
ಸೈಕಲ್ಲಿನ ಹಿಂದೆ ಹುಲ್ಲಿನ ಕಟ್ಟು.
"ಇದು ಮುಗೀತ್ರಿ, ಹೊಸಾದ್ ತಗೋರಿ"
ಎಂದು ಉಳಿದವರೆಲ್ಲ ಕೈಬಿಟ್ಟ ಮೋಟರನ್ನು
ತಿರುವಿ ನೋಡಿದ. ಅವ್ವನ ಮುಖ ನೋಡಿದ.
ತಾಮ್ರದ ತಂತಿ ಮತ್ತೆ ಸುತ್ತಲು ಕೂತ.
ಮಧ್ಯಾಹ್ನವೆಲ್ಲ ಸುತ್ತಿದ. ನಲವತ್ಮೂರು ಡಿಗ್ರಿ.
ಅಜ್ಜಿ ಎರಡು ಸಲ ಮಜ್ಜಿಗೆ ಕೊಟ್ಟಳು.
ಸಂಜೆ ಗಾಳಿ ಬಂತು, ಒದ್ದೆ ಹುಲ್ಲಿನ ವಾಸನೆಯ ಗಾಳಿ;
ನಾವು ಮೂವರೂ ಅದರ ಮುಂದೆ
ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತೆವು.

ಎರಡನೆಯ ಬೇಸಿಗೆ. ತಾನಾಗಿಯೇ ಹೇಳಿದ,
ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ:
"ಮೂರು ವರ್ಷ ಕೋರ್ಟಿಗಿ ತಿರಗಿದೆ. ಅಕಿದೇನ್ ತಪ್ಪಿಲ್ಲ.
ಆಗ ನಾ ಕುಡೀತಿದ್ದೆ."
ಅವ್ವ ರೊಟ್ಟಿ ಬಡಿಯುತ್ತಿದ್ದಳು.
ಬಡಿತ ಒಂದು ತಪ್ಪಿತು.
"ಈಗ?"
"ಈಗ ಚಾ."

ಮೂರನೆಯ ಬೇಸಿಗೆಯಲ್ಲಿ ಕೂಲರು ಏಳು ಸಲ ಕೆಟ್ಟಿತು.
ಒಂದು ಸಲ ವೈರು ಎಳೆದವಳು ನಾನು.
ಉಳಿದ ಆರರ ಬಗ್ಗೆ ನನಗೆ ಗೊತ್ತಿಲ್ಲ.

ಸೂರ್ಯಕಾಂತ ಮಾಮ ಬಂದ, ಚಪ್ಪಲಿ ಬಿಡದೆ ಕೂತ.
"ಹುಡುಗಿ ದೊಡ್ಡಾಕಿ ಆಗ್ಯಾಳ. ಮಂದಿ ಏನಂದಾರು?"
ಅಜ್ಜಿ, ಅಪ್ಪನ ಅವ್ವ,
ಪೊರೆ ತೆಗೆಸಿಕೊಂಡು ಹಸಿರು ಪಟ್ಟಿ ಕಟ್ಟಿಕೊಂಡ ಜಗದೇವಿ,
ಮಂದಿಯ ಸುದ್ದಿ ಎತ್ತಲಿಲ್ಲ.
ಪಾನಾ ಸದ್ದು ಬರುತ್ತಿದ್ದ ಕಡೆಗೆ ಮುಖ ತಿರುಗಿಸಿ ಕೇಳಿದಳು:
"ಬ್ಯಾಸಗಿ ಮುಗದ ಮ್ಯಾಗೂ ಬರ್ತಿಯೇನಪಾ?"

ಅವನು ಉತ್ತರ ಕೊಡಲಿಲ್ಲ.
ಪಾನಾ ಚೀಲಕ್ಕೆ ಹಾಕಿಕೊಂಡು ಹೋದ.

ಮಳೆ ಬಂತು, ಹೊರಟಿತು. ದಸರೆಗೆ ಬನ್ನಿ ಕೊಡಲೂ ಬರಲಿಲ್ಲ.
ಅವ್ವ ಕೂಲರಿಗೆ ಹಳೆಯ ಸೀರೆ ಸುತ್ತಿದಳು,
ಖಾದ್ರಿ ಸಾಬರ ಅಂಗಡಿಯ ಮುಂದೆ ಬರುವಾಗ
ರಸ್ತೆಯ ಆಚೆ ಬದಿ ಹಿಡಿದಳು.

ಎಳ್ಳಮಾವಾಸ್ಯೆಯ ಮರುದಿನ, ಹಲ್ಲು ಕಡಿಯುವ ಚಳಿಯಲ್ಲಿ,
ಬಾಗಿಲಲ್ಲಿ ಅಂಬಾರಾಯ. ಕೈಯಲ್ಲಿ ಹುಲ್ಲಿಲ್ಲ, ಪಾನಾ ಇಲ್ಲ.
ಒಂದು ಸ್ಟೀಲ್ ಡಬ್ಬಿ.
"ಅಕ್ಕನ ಹೊಲದ್ದು ಭಜ್ಜಿ. ನಿನ್ನೀದು. ಇವತ್ತ ಇನ್ನಾ ಛಲೋ ಇರ್ತದ."
ಮೂಲೆಯ ಕೂಲರಿನ ಕಡೆ ನೋಡಲೂ ಇಲ್ಲ.
ಅಜ್ಜಿ ಬೆರಳಿನಿಂದ ತೆಗೆದು ನೆಕ್ಕಿದಳು.
"ಉಪ್ಪು ಕಡಿಮಿ ಅದ."
ಮತ್ತೆ ಹಾಕಿಸಿಕೊಂಡಳು.
ಅವ್ವ ಉಪ್ಪು ತರಲು ಒಳಗೆ ಹೋದವಳು
ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೊನ್ನೆ ಒಂದು ಕಾದಂಬರಿ ತಂದಿದ್ದಾಳೆ.
"ಹಿಂದ ತೆರೀಲೇ ಇಲ್ಲವ್ವ ನಿಮ್ಮವ್ವ," ಅಂದರು ಸಾಬರು,
ದುಡ್ಡು ಎಣಿಸುವುದು ಮರೆತು.
ರಾತ್ರಿ ದೀಪ ಆರಿಸಲು ಎದ್ದೆ.
ಎದೆಯ ಮೇಲೆ ಪುಸ್ತಕ ಬೋರಲು, ಹುಬ್ಬಿನಲ್ಲಿ ಹಳದಿ,
ನಲವತ್ತನೆಯ ಪುಟಕ್ಕೇ ನಿದ್ದೆ.
ಮೆಲ್ಲಗೆ ತೆಗೆದುಕೊಂಡು
ಕೊನೆಯ ಪುಟ ನಾನು ಓದಿದೆ.
ಅವಳಿಗೆ ಹೇಳಿಲ್ಲ.