ಹಿತ್ತಾಳೆ ತೇಪೆ

ತೂಲಾದಲ್ಲಿ ಆ ಅಕ್ಟೋಬರಿಗೆ ಉಳಿದಿದ್ದು
ಕಾರ್ಖಾನೆಯ ಗೋಡೆ, ಗೋಡೆಗೊಂದು ಗಡಿಯಾರ, ಮತ್ತೆ ನಾವು.
ಲೇತುಗಳೆಲ್ಲ ಗೂಡ್ಸ್ ರೈಲು ಹತ್ತಿ ಉರಾಲ್ ಕಡೆ ಹೋಗಿದ್ದವು.
ಅವು ಕೂತಿದ್ದ ನೆಲದ ಮೇಲೆ ಎಣ್ಣೆಯ ಚೌಕಗಳು,
ಹೆಣ ಎತ್ತಿದ ಮೇಲೆ ಉಳಿಯುವ ಜಾಗದ ಹಾಗೆ.

ಅಪ್ಪ ಪಂಕ್ರಾತ್ ಸಮೋವಾರ್ ಮಾಡುವವನು.
ಮೂವತ್ತು ವರ್ಷ ಕಲಾಯಿ ಹಾಕಿ ಹಾಕಿ
ಉಗುರಿನ ಬುಡದಲ್ಲಿ ತವರ ಮನೆಮಾಡಿತ್ತು.
ಮ್ಯಾಕ್ಸಿಮ್ ಮೆಷಿನ್ ಗನ್ನನ್ನು ಮೊದಲ ಸಲ ಮೇಜಿಗೆ ಎತ್ತಿಟ್ಟಾಗ
ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಅಂದ:
“ಇದು ನಮ್ಮ ಪೈಕಿಯದೇ, ಗ್ಲಾಶಾ.
ನಡುವೆ ಬೆಂಕಿಯ ಕೊಳವೆ, ಸುತ್ತ ನೀರು,
ಕೊಳಾಯಿ ಇರಬೇಕಾದಲ್ಲಿ ಬಿರಡೆ, ಆವಿ ಹೋಗಲೊಂದು ದಾರಿ.
ಅಡ್ಡ ಮಲಗಿಸಿದ್ದಾರೆ, ಅಷ್ಟೇ.”

ಅಷ್ಟೇ ಆಗಿರಲಿಲ್ಲ.
ಹಿಂದಿನ ಪೆಟ್ಟಿಗೆ ತೆರೆದರೆ ಮೊಣಕಾಲಿನಂಥ ಕೀಲು:
ಗುಂಡು ಹಾರಿದ ಒದೆತಕ್ಕೆ ಮಡಚಿಕೊಂಡು,
ಸ್ಪ್ರಿಂಗ್ ಎಳೆದೊಡನೆ ನೆಟ್ಟಗಾಗಿ,
ಖಾಲಿ ತೋಟಾ ಉಗುಳಿ, ಹೊಸದನ್ನು ಕಚ್ಚಿಕೊಂಡು,
ಒದೆಸಿಕೊಂಡ ಬಲದಲ್ಲೇ ಮತ್ತೆ ಒದೆಯಲು ಸಿದ್ಧ.
“ಯಾರೋ ಜಿಪುಣ ಮಾಡಿದ್ದು ಇದನ್ನ,”
ಎಂದ ಅಪ್ಪ, ಮೆಚ್ಚಿಕೊಂಡೇ.

ನನ್ನ ಪಾಲಿಗೆ ಬಂದಿದ್ದು ಕಲ್ನಾರಿನ ದಾರ.
ನೀರಿನ ಅಂಗಿಯಿಂದ ನಳಿಗೆ ಹೊರಬರುವ ಕುತ್ತಿಗೆಗೆ
ಎಣ್ಣೆಯಲ್ಲಿ ನೆನೆಸಿ ಸುತ್ತಬೇಕು.
ಸಡಿಲವಾದರೆ ಸೋರುತ್ತದೆ.
ಬಿಗಿಯಾದರೆ ನಳಿಗೆ ಹಿಂದೆ ಸರಿಯದೆ ಗಂಟಲು ಕಟ್ಟುತ್ತದೆ.
ಹದಿನೇಳು ನನಗೆ. ಜಡೆ ಹೆಣೆದ ಕೈಗೆ ಆ ಹದ ಗೊತ್ತಿತ್ತು.

ನಿಕೀಫರ್ ಎರಡು ಚಕ್ರದ ಗಾಡಿ ಸಮೇತ ಎಳೆದು ತಂದದ್ದಕ್ಕೆ
ಅಂಗಿಯಲ್ಲಿ ಎರಡು ತೂತು. ತಗಡು ಮುಗಿದಿತ್ತು.
ಅಪ್ಪ ಒಳಗೆ ಹೋಗಿ
ಅಮ್ಮನ ಮದುವೆಯ ಸಮೋವಾರ್ ಹೊತ್ತು ತಂದ.
ಹಳೆಯ ಮೇಳಗಳ ಪದಕಗಳು ಅಚ್ಚಾಗಿದ್ದ ಕಡೆಯಿಂದಲೇ ಕತ್ತರಿಸಿದ,
ಅಲ್ಲಿ ಹಿತ್ತಾಳೆ ದಪ್ಪ.
ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.
ಕತ್ತರಿಯ ಸದ್ದು ನಿಂತ ಮೇಲೆ
“ಕೊಳಾಯಿಯನ್ನಾದರೂ ಕೊಡಿ” ಅಂದಳು.

ಅಂಗಳದ ಮಣ್ಣು ದಿಬ್ಬಕ್ಕೆ ಗುರಿಯಿಟ್ಟು ಪರೀಕ್ಷೆ.
ನಾಲ್ಕು ಲೀಟರ್ ಬಾವಿ ನೀರು.
ಬಟ್ಟೆಯ ಪಟ್ಟಿಯಲ್ಲಿ ಇನ್ನೂರೈವತ್ತು ಗುಂಡು, ಅದರ ಹಿಂದೆ ಇನ್ನೊಂದು ಪಟ್ಟಿ.
ಪೋಲು ಎಂದು ಗದರಬೇಕಾದ ಅಧಿಕಾರಿ ಊರಲ್ಲಿರಲಿಲ್ಲ.
ನಿಕೀಫರನ ಎರಡು ಹೆಬ್ಬೆರಳೂ ಒಂದೇ ಕೀಲಿಯ ಮೇಲೆ ಬಿಳಿಚಿದ್ದವು.
ಸದ್ದು ನಿಂತಾಗ, ಕಿವಿ ತಿರುಗಿ ನಮ್ಮದಾದಾಗ,
ಒಳಗಿಂದ ಗುಂಯ್ ಎಂದು ಸಣ್ಣ ದನಿ,
ಚಹಾಕ್ಕೆ ಮುಂಚಿನ ದನಿ,
ತೂಲಾದ ಕೂಸಿಗೂ ಗೊತ್ತಿರುವುದು.
ಕೈ ಅಭ್ಯಾಸಕ್ಕೆ ಅಪ್ಪ ಲೋಟ ಹಿಡಿದ.
ಎಣ್ಣೆ ತೇಲುವ ಚಹಾ, ಸಕ್ಕರೆಯಿಲ್ಲ,
ಆರು ಜನ ಊದಿ ಊದಿ ಕುಡಿದೆವು, ನಕ್ಕೆವು ಕೂಡ.
ತೇಪೆಯ ಮೇಲೆ ಒಂದು ಬೆವರ ಹನಿ ಇರಲಿಲ್ಲ.

ಮಾರ್ಚಿನಲ್ಲಿ ತ್ರಿಕೋನವಾಗಿ ಮಡಚಿದ ಕಾಗದ ಬಂತು:
“ಪಂಕ್ರಾತ್ ಎಲಿಜಾರವಿಚ್, ನಿಮ್ಮ ತೇಪೆ ಗಟ್ಟಿ.
ಈವರೆಗೆ ಹತ್ತೊಂಬತ್ತು ಸಲ ಕುದಿಯಿತು, ತೊಟ್ಟೂ ಸೋರಿಲ್ಲ.
ನೀರು ಸಿಗದಲ್ಲಿ ಹಿಮ ತುರುಕುತ್ತೇವೆ.”

ಅಪ್ಪ ನನ್ನಿಂದ ಎರಡು ಸಲ ಓದಿಸಿದ.
ಹೆಮ್ಮೆಗೆ ಕಿವಿ ಕೆಂಪಗಾಗಿತ್ತು.
ಸೀಮೆಸುಣ್ಣ ಹುಡುಕಿ ಮೇಜಿನ ಅಂಚಿನಲ್ಲಿ ಬರೆದ:
ಹತ್ತೊಂಬತ್ತು. ಪಕ್ಕದಲ್ಲಿ ಐನೂರು.
ಗುಣಿಸಲಿಲ್ಲ.
ಅಲ್ಲಿ ಎದುರಿಗೆ ಮಣ್ಣು ದಿಬ್ಬ ಇರಲಿಲ್ಲವಲ್ಲ.
ತೋಳಿನಿಂದ ಒರೆಸಿ
ಮುಂದಿನದನ್ನು ಮೇಜಿಗೆ ಎಳೆದುಕೊಂಡ.
ಸಂಜೆಯವರೆಗೂ ತೋಳು ಬೆಳ್ಳಗೇ ಇತ್ತು.

ಯುದ್ಧ ಮುಗಿಯಿತು. ಮತ್ತೆ ಸಮೋವಾರ್ ಮಾಡಿದ, ಒಳ್ಳೆಯವು.
ಆದರೆ ಮನೆಯಲ್ಲಿ ಆ ಗುಂಯ್ ಶುರುವಾದೊಡನೆ
ಸೌದೆಯಿದ್ದರೂ ಸೌದೆಗೆಂದು ಹೊರಗೆ ಹೋಗುವನು,
ತಿರುಗಿ ಬಂದು ತಣ್ಣೀರು ಕುಡಿದು ಮಲಗುವನು.

ಕೊಳಾಯಿ ಈಗ ನನ್ನ ಹತ್ತಿರ, ಗುಂಡಿಗಳ ಡಬ್ಬಿಯಲ್ಲಿ.
ತಿರುಗಿಸಿದರೆ ಇನ್ನೂ ಬಿಗಿ.