ಮೂರನೇ ನೀರು

ಶೇಡ್ ಕಾರ್ಡಿನಲ್ಲಿ ಹುಡುಕಬೇಡಿ, ಇದಕ್ಕೆ ನಂಬರಿಲ್ಲ.
ಗೋಣಿಕೊಪ್ಪದ ಮೊಯ್ದೀನ್‌ಕುಟ್ಟಿ ಟೈಲರ
ಮಿಷನ್ ಕೆಳಗಿನ ಚೀಲದಲ್ಲಿ
ಶನಿವಾರದ ಬೆಂಕಿಗೆ ಕಾದಿದ್ದ ಚೂರುಗಳು ಇವು:
ಕಾನ್ವೆಂಟಿನ ಅಂಗಿಯ ಕಂಕುಳು,
ಯಾರದೋ ಮದುವೆ ಕುಪ್ಯದ ಅಂಚು,
ಅಕ್ಕನ ಲಂಗ ತಂಗಿಗೆ ಇಳಿದಾಗ
ಮಿಕ್ಕ ನಾಲ್ಕು ಬೆರಳಗಲ.

ಹಲಸಿನ ಹಲಗೆ ಕೊಯ್ದ ದಿನ
ಆಚಾರಿ ಸುಬ್ರಾಯರೇ ಫೋನ್ ಮಾಡುತ್ತಾರೆ,
"ಹೊಟ್ಟು ಬಿದ್ದಿದೆ, ಬಾ."
ಮರ ಯಾರದೋ ಮನೆಗೆ ಬಾಗಿಲು,
ಪುಡಿ ನನ್ನ ಹಂಡೆಗೆ ಹಳದಿ.

ಕಪ್ಪಿಗೆ, ಅಳಲೆಕಾಯಿ ನೀರು ಕುಡಿದ ಬಟ್ಟೆ,
ಪಲ್ಪರ್ ಯಂತ್ರದ ತುಕ್ಕು ಬೋಲ್ಟು,
ಮತ್ತೆ ಅವ್ವ ಬಚ್ಚಿಟ್ಟ ಕಾಚಂಪುಳಿ.
"ಪಂದಿಕರಿಗೆ ನಾನು ತೊಟ್ಟು ಎಣಿಸಿ ಬಿಡ್ತೀನಿ,
ನೀನು ಮೊಳೆಗೆ ಬಾಟ್ಲಿಗಟ್ಟಲೆ ಕುಡಿಸ್ತೀಯ!"
ಬೈಗುಳವೂ ಒಂದಿಷ್ಟು ಇಳಿದಿರಬೇಕು,
ಏಳು ಒಗೆತಕ್ಕೂ ಆ ಕಪ್ಪು ಬಿಟ್ಟಿಲ್ಲ.

ನೀರು ಚೆಲ್ಲುವುದಿಲ್ಲ ನಾನು.
ಮೊದಲನೆಯದು ಮಾರುವ ಬಟ್ಟೆಗೆ,
ಎರಡನೆಯದು ದಿಂಬಿನ ಕವರಿಗೆ.
ಮೂರನೇ ನೀರಿನ ಬಣ್ಣ
ಬಿಸಿಲಿಗೆ ಹಿಡಿದರೆ ಇದೆ,
ಒಳಗೆ ತಂದರೆ ಇಲ್ಲ.

ಕಕ್ಕಡ ಹದಿನೆಂಟರಂದು
ಬಾಳೆಲೆ ಬಸ್ಸಿಳಿದು ಚೋಂದವ್ವ ಬಂದರು, ಒಂದು ಗಂಟು.
ಬಿಚ್ಚಿದರೆ ಬಿಳಿ, ಅದರಡಿ ಬಿಳಿ,
ಮೂವತ್ತೊಂದು ವರ್ಷ ಉಟ್ಟ ಬಿಳಿ.
ಬೆನ್ನ ಹಿಂದೆ ನೆರಿಗೆ ಸಿಕ್ಕಿಸಿದಲ್ಲಿ
ಸವೆದು ಜಾಲರಿ.
"ನೆಲ ಒರೆಸೋಕೆ ಕೊಡಬಹುದಿತ್ತು.
ಮನಸ್ಸಾಗಲಿಲ್ಲ."

ಹಳದಿ ತೋರಿಸಿದೆ. ಕಪ್ಪು ತೋರಿಸಿದೆ.
ಅವರು ಕೈ ಚಾಚಿದರು:
ಬೆಳಗ್ಗೆ ಪಾಯಸಕ್ಕೆ ಮದ್ದುಸೊಪ್ಪು ಕುದಿಸಿ ಹಿಂಡಿದ ಕೈ,
ಉಗುರ ಸಂದಿಯಲ್ಲಿ ನೇರಳೆ.
"ಇದು."

ನಿಲ್ಲುವ ಬಣ್ಣವಲ್ಲ ಅದು, ಎಂದೆ.
ಪಟಿಕ ಹಾಕಿದರೂ ಅಷ್ಟೆ,
ಹುತ್ತರಿ ಹೊತ್ತಿಗೆ ಅರ್ಧ ಹೋಗಿರುತ್ತದೆ.
"ಹೋಗಲಿ ಬಿಡು.
ಹೋಗದೆ ಇರೋದು ಉಟ್ಟು ಸಾಕಾಗಿದೆ.
ಬರೋ ವರ್ಷ ಸೊಪ್ಪು ನಾನೇ ತರ್ತೀನಿ."

ನಾಲ್ಕೂವರೆ ಬಸ್ಸಿಗೆ ಸೀರೆ ಒಣಗಿರಲಿಲ್ಲ.
ಹಸಿಯದನ್ನೇ ಮಡಿಲಲ್ಲಿಟ್ಟುಕೊಂಡು ಹತ್ತಿದರು.
ಕಂಡಕ್ಟರ್ ಬೈದನೋ ಏನೋ,
ಮೆಟ್ಟಿಲಿನಿಂದ ಕಿಟಕಿಯ ಸೀಟಿನವರೆಗೆ
ಸಾಲಾಗಿ ನೇರಳೆ ತೊಟ್ಟು.

ಹಂಡೆಯ ತಳದಲ್ಲಿ ಇನ್ನೂ ಬೆಚ್ಚಗಿತ್ತು.
ಚೀಲಕ್ಕೆ ಕೈ ಹಾಕಿದೆ.
ಒಂದು ಕಾಲರ್ ಸಿಕ್ಕಿತು, ಚಿಕ್ಕ ಕುತ್ತಿಗೆಯದು.
ಅದ್ದಿದೆ.